ಕಿವಿ ಮಷೀನಿನ ಪೆಟ್ಟಿಗೆ

ಕಿವಿ ನೋಡುವ ಮಷೀನು ನಮ್ಮ ನಡುಗಡ್ಡೆಗೆ ವರ್ಷಕ್ಕೊಂದೇ ಸಲ ಬರುತ್ತಿತ್ತು, ಮೇ ತಿಂಗಳಲ್ಲಿ. ಕಾರವಾರದ ಸಂಸ್ಥೆಯವರು ಅಂಕೋಲೆ ತನಕ ಜೀಪಿನಲ್ಲಿ ತಂದು, ಆಮೇಲೆ ಜಟ್ಟಪ್ಪನ ದೋಣಿಯಲ್ಲಿ ಗಂಗಾವಳಿ ಹೊಳೆ ದಾಟಿಸುತ್ತಿದ್ದರು. ಅದಕ್ಕೆಂದೇ ಒಂದು ಕಪ್ಪು ಪೆಟ್ಟಿಗೆ ಇತ್ತು. ಮುಚ್ಚಳದ ಸುತ್ತ ರಬ್ಬರು, ಎರಡು ಗಟ್ಟಿ ಕ್ಲಿಪ್ಪು, ಒಳಗೆ ಮಷೀನಿನ ಆಕಾರಕ್ಕೇ ಕೊರೆದ ಸ್ಪಂಜು. ಹೊಳೆಗೆ ಬಿದ್ದರೂ ಒಂದು ಹನಿ ಒಳಗೆ ಹೋಗೂದಿಲ್ಲ ಎಂದು ಮಷೀನು ನಡೆಸುವ ಹೀರಾ ಹೇಳಿದ್ದಳು.

ಎರಡು ಸಾವಿರದ ಏಳನೇ ಇಸವಿ. ಮೊಮ್ಮಗಳು ಪ್ರಣತಿಗೆ ಐದು ವರ್ಷ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಪರೀಕ್ಷೆಯ ಚೀಟಿ ಇದ್ದರೆ ಕಿವಿಗೆ ಹಾಕುವ ಯಂತ್ರ ಪುಕ್ಕಟೆ ಸಿಗುತ್ತದೆ, ಜೂನಿಗೆ ಶಾಲೆಗೆ ಕಳಿಸಬಹುದು ಎಂದಿದ್ದರು ಮೇಷ್ಟ್ರು. ಸೊಸೆ ಗಂಗಾ ಅವಳನ್ನು ಎರಡು ಸಲ ಕಾರವಾರಕ್ಕೆ ಕರಕೊಂಡು ಹೋಗಿದ್ದಳು. ಎರಡು ಸಲವೂ ಮಷೀನು ಕ್ಯಾಂಪಿಗೆ ಹೋಗಿದೆ ಎಂದು ವಾಪಸು ಕಳಿಸಿದ್ದರು.

ಅಂದು ಶಾಲೆಯ ಜಗಲಿಯಲ್ಲಿ ಪ್ರಣತಿಯೂ ಸೇರಿ ಎಂಟು ಮಕ್ಕಳು ತಲೆ ಬಾಚಿಸಿಕೊಂಡು ಕೂತಿದ್ದವು. ಕ್ಯಾಂಪಿನ ಸಾಹೇಬರಾದ ಸುಜಯ ಮುಂದೆ ಬಂದರು, ಹಿಂದೆ ಜಟ್ಟಪ್ಪ ಪೆಟ್ಟಿಗೆ ಹೊತ್ತು, ಅವನ ಹಿಂದೆ ಹೀರಾ ಒಂದು ಗೋಣಿಚೀಲ ಹಿಡಿದು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

ಹೀರಾ ಚೀಲದಿಂದ ಮಷೀನು ತೆಗೆದಳು. ಗುಂಡಿ ಒತ್ತಿದಳು, ಒರೆಸಿದಳು, ಮತ್ತೆ ಒತ್ತಿದಳು. ದೀಪ ಹತ್ತಲಿಲ್ಲ.

"ದೋಣಿಯ ತಳದಾಗೆ ಇಟ್ಟಿದ್ರು," ಎಂದ ಜಟ್ಟಪ್ಪ. "ತಳದಾಗೆ ನೀರು ಅದೆ ಅಂತ ನಾ ಹೇಳೇ ಹೇಳ್ದೆ."

"ಹಂಗಾರೆ ಪೆಟ್ಟಿಗೇಲಿ ಎಂಥದು ಅದೆ?" ಎಂದು ಕೇಳಿದೆ. ನಾನೇ ಕ್ಲಿಪ್ಪು ತೆಗೆದೆ.

ಒಳಗೆ ಬರೀ ಐಸು. ಸ್ಪಂಜು ಕಿತ್ತುಹಾಕಿ, ತುಂಬ ಐಸು ತುಂಬಿಸಿ ತಂದಿದ್ದರು. ಒಂದು ಹನಿಯೂ ಸೋರಿರಲಿಲ್ಲ.

ಯಾಕೆಂದು ನನಗೆ ಗೊತ್ತಾಯಿತು. ಹಿಂದಿನ ವರ್ಷ ಸಾಹೇಬರಿಗೆ ಒಂದು ಬುಟ್ಟಿ ಬೆಳಚು, ಹೊಳೆಯ ಚಿಪ್ಪುಮೀನು, ಕೊಟ್ಟವಳು ನಾನೇ. ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಹೊಳೆಯ ಚಿಪ್ಪಾದರೂ ಕೊಡುತ್ತೇವೆ. ಕಾರವಾರದ ಹಬ್ಬುವಾಡದಲ್ಲಿರುವ ಅವರ ಮನೆ ಮುಟ್ಟುವಷ್ಟರಲ್ಲಿ ಅರ್ಧ ಹಾಳಾಗಿದ್ದವಂತೆ. ಈ ಸಲ ಹಾಳಾಗಬಾರದೆಂದು ತಯಾರಿ ಮಾಡಿಕೊಂಡು ಬಂದಿದ್ದರು. ಕೊಟ್ಟ ನನ್ನ ಕೈ ಮೇಲೂ ಸಿಟ್ಟು ಬಂತು.

"ಆಯಿ, ಬೇಜಾರು ಮಾಡ್ಕಬೇಡಿ. ಮುಂದಿನ ವರ್ಷ ಎಲ್ಲಕ್ಕಿಂತ ಮೊದಲು ನಿಮ್ಮ ಮೊಮ್ಮಗಳಿಗೇ," ಎಂದರು ಸಾಹೇಬರು.

"ಮುಂದಿನ ವರ್ಷ ಅಂದ್ರೆ ಅವಳಿಗೆ ಆರು," ಎಂದಳು ಗಂಗಾ.

ನಾನು ಐಸನ್ನೆಲ್ಲ ಅಂಗಳಕ್ಕೆ ಸುರಿದೆ. ಪೆಟ್ಟಿಗೆ ಮುಚ್ಚಿ ಮನೆ ಜಗಲಿಗೆ ತಂದು ಅದರ ಮೇಲೆ ಕೂತೆ.

"ಅದು ಆಫೀಸಿನ ಮಾಲು, ಆಯಿ. ರಿಜಿಸ್ಟರಿನಲ್ಲಿ ಅದೆ. ಪೊಲೀಸರಿಗೆ ಹೇಳಬೇಕಾಗ್ತದೆ," ಎಂದರು ಹಿಂದೆಯೇ ಬಂದ ಸಾಹೇಬರು.

"ಹೇಳಿ, ಸಾಹೇಬ್ರೆ. ಅದರಾಗೆ ಎಂಥ ತಂದಿದ್ರಿ ಅಂತ ನಾನೂ ಹೇಳ್ತೆ. ಬೇರೆ ಮಷೀನು ತನ್ನಿ, ಪೆಟ್ಟಿಗೆ ತಕಂಡು ಹೋಗಿ. ಬೆಳಚು ಬೇಕಾದ್ರೆ ಈಗಲೇ ಕೊಡ್ತೆ. ಆ ಗೋಣಿಚೀಲ ಖಾಲಿ ಅದೆಯಲ್ಲ."

ಜಟ್ಟಪ್ಪ ಆಚೆ ಮುಖ ಮಾಡಿ ನಕ್ಕ. ಸಾಹೇಬರು ನಗಲಿಲ್ಲ. ಸಿಟ್ಟಿನಲ್ಲೇ ಹೊಳೆ ಕಡೆ ಹೋದರು.

ನಾಲ್ಕು ದಿನ ಜಗಲಿ ಬಿಡಲಿಲ್ಲ. ಊಟ ಅಲ್ಲೇ, ಮಧ್ಯಾಹ್ನದ ನಿದ್ದೆಯೂ ಅಲ್ಲೇ. ಮನೆಗೆ ಪೊಲೀಸರನ್ನು ಕರೆಸ್ತೀರಾ ಎಂದು ಮಗ ಬೈದ. ಬೈಯಲಿ. ಮಗುವಿಗೆ ಕೇಳಿಸದಿರುವುದು ಅವನಿಗೂ ಗೊತ್ತಿತ್ತು, ಎರಡು ವರ್ಷದಿಂದ ನೋಡೋಣ ನೋಡೋಣ ಎಂದವನೂ ಅವನೇ.

ಐದನೇ ದಿನ ಹೀರಾ ಬಂದಳು. ಬೇರೆ ಮಷೀನನ್ನು ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡಿದ್ದಳು. ಸಾಹೇಬರು ದೋಣಿಯಿಂದ ಇಳಿಯಲೇ ಇಲ್ಲ.

ಒಳಗಿನ ಕೋಣೆಯ ಬಾಗಿಲು ಹಾಕಿ ಪ್ರಣತಿಯನ್ನು ಕೂರಿಸಿದರು. ಸದ್ದು ಕೇಳಿದರೆ ಬೆರಳೆತ್ತಬೇಕು. ಬಲಗಿವಿಗೆ ಎತ್ತಿದಳಂತೆ, ತಡವಾಗಿ. ಎಡಗಿವಿಗೆ ಎಷ್ಟು ಹೊತ್ತಾದರೂ ಎತ್ತಲಿಲ್ಲ. ಹೀರಾ ಚೀಟಿ ಬರೆದು ಗಂಗಾಳ ಕೈಗೆ ಕೊಟ್ಟು ಹೊರಗೆ ಬಂದಳು.

"ಆಯ್ತಲ್ಲ ಆಯಿ, ಇನ್ನು ಏಳಿ. ಸಾಹೇಬರು ಬಿಸಿಲಲ್ಲಿ ಕೂತಿದ್ದಾರೆ."

"ಇನ್ನೂ ಏಳು ಮಕ್ಕಳು ಅವೆ, ತಂಗಿ," ಎಂದೆ.

ಗಂಗಾ ಒಂದೊಂದೇ ಮನೆಗೆ ಹೋಗಿ ಕರಕೊಂಡು ಬಂದಳು. ಏಳನೆಯ ಮಗು ಒಳಗಿಂದ ಹೊರಗೆ ಬರುವ ತನಕ ನಾನು ಪೆಟ್ಟಿಗೆ ಮೇಲಿಂದ ಏಳಲಿಲ್ಲ.