ಕಟ್ಟು ಸಾರಿಗೆ, ಕಾಳು ಕುದುರೆಗೆ

ಮಳವಳ್ಳಿಯ ನಮ್ಮ ಬೀದಿಯಲ್ಲಿ ಊಟಕ್ಕೆ ಹಟ ಮಾಡುವವರು ಯಾರೆಂದು ಕೇಳಿದರೆ ಯಾವ ಮಗುವನ್ನೂ ತೋರಿಸುವುದಿಲ್ಲ, ಜಟಕಾ ಕರೀಂ ಸಾಹೇಬರ ಮುದಿ ಕುದುರೆಯನ್ನು ತೋರಿಸುತ್ತಾರೆ. ಹೆಸರು ನವಾಬ, ಹೆಸರಿಗೆ ತಕ್ಕ ದೌಲತ್ತು. ಕಬ್ಬಿನ ಸೋಗೆ ಹಾಕಿದರೆ ಅಗಿದಂತೆ ಮಾಡಿ ಉಂಡೆ ಉಂಡೆಯಾಗಿ ಉಗುಳುತ್ತಿತ್ತು. ಬೂಸ ಇಟ್ಟರೆ ಮೂಸಿ ಮೂತಿ ತಿರುಗಿಸುತ್ತಿತ್ತು. ಬೇಯಿಸಿದ ಹುರುಳಿಯನ್ನು ಬಾಂಡ್ಲಿಯಲ್ಲೇ ಅತ್ತಿತ್ತ ಮಾಡಿ ಬಿಟ್ಟುಬಿಡುತ್ತಿತ್ತು. ದನದ ಡಾಕ್ಟರು ಬಂದು ಬಾಯಿ ತೆರೆಸಿ ನೋಡಿ, "ಹಲ್ಲು ಸವೆದೋಗಿವೆ, ಮೆತ್ತಗಿರೋದು ಕೊಡಿ. ಚಳಿ ಬರೋದ್ರೊಳಗೆ ಮೈ ಹಿಡೀಲಿಲ್ಲ ಅಂದ್ರೆ ಮಲಗಿದ್ದು ಮತ್ತೆ ಏಳಲ್ಲ" ಎಂದು ಹೇಳಿ ಹೋದರು.

ಕರೀಮರ ಕಿವಿಗೆ ಹಲ್ಲಿನ ಮಾತೇ ಬೀಳಲಿಲ್ಲ. ಆಟೋಗಳ ಮುಂದೆ ಜಟಕಾ ಹತ್ತುವವರಿಲ್ಲದೆ ಹೋದ ವರ್ಷ ಗಾಡಿ ಮಾರಿದ್ದರು. ಕುದುರೆ ಮಾರಲು ಮನಸ್ಸು ಬರಲಿಲ್ಲ.

"ಗಾಡಿ ಮಾರ್ದೆ ಅಂತ ನನ್ ಮ್ಯಾಲೆ ಮುನಿಸ್ಕಂಡದೆ ಕಣಮ್ಮ" ಎಂದು ಪಕ್ಕದ ಮನೆಯ ದೇವಿರಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಬಾಂಡ್ಲಿ ಮುಂದೆ ಕೂತು, ಕುದುರೆಯ ಕುತ್ತಿಗೆ ಸವರಿ, ತಪ್ಪಾಯ್ತು ತಿನ್ನು ಎಂದು ಗೋಗರೆಯುತ್ತಿದ್ದರು. 

ಹುರುಳಿ ಬೇಯಿಸುವುದು ಅವರ ಹೆಂಡತಿ ಬಿಬಿ ಜಾನ್. ಸೌದೆ ಒಲೆಯ ಮೇಲೆ ಬೇಯಿಸಿ ನೀರು ಬಸಿದರೆ ಅದೇ ಕಟ್ಟು. ನಮ್ಮ ಕಡೆ ಯಾವ ಮನೆಯಲ್ಲಾದರೂ ಅಷ್ಟೆ, ಕಟ್ಟು ಸಾರಿಗೆ, ಕಾಳು ದನಕ್ಕೆ. ಯಾರಿಗೂ ಯಾರೂ ಹೇಳಿಕೊಡಬೇಕಿಲ್ಲ. ಆ ಕಟ್ಟಿನಲ್ಲಿ ಅರ್ಧ ಇವರ ಮನೆಗೆ, ಅರ್ಧ ದೇವಿರಮ್ಮನ ಮನೆಗೆ. ಸಾರಿನ ರುಚಿ ಕೇಳಬೇಡಿ, ಮುದ್ದೆ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ದೇವಿರಮ್ಮ ಕಟ್ಟಿನ ಪಾತ್ರೆಯನ್ನು ಆರಲೆಂದು ಜಗಲಿಯ ಮೇಲಿಟ್ಟು ಬಿಬಿ ಜಾನ್ ಜೊತೆ ಮಾತಿಗೆ ನಿಂತಳು. ಮಾತು ಪೂರಿಗಾಲಿಯ ಯಾವುದೋ ಮದುವೆಗೆ ಹೋಗಿ ಬರುವಷ್ಟರಲ್ಲಿ ನವಾಬ ಹಗ್ಗ ಕಿತ್ತುಕೊಂಡು ಬಂದು ಪಾತ್ರೆಗೆ ಮೂತಿ ಇಟ್ಟಾಗಿತ್ತು.

"ಅಯ್ಯೋ, ನನ್ ಸಾರು!" ಎಂದು ದೇವಿರಮ್ಮ ಬಾಯಿ ಬಡಿದುಕೊಂಡಳು.

ಕುದುರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೊರಸೊರನೆ ಕುಡಿದು, ತಳ ನೆಕ್ಕಿ, ಇನ್ನೂ ಇದೆಯೇ ಎಂದು ಖಾಲಿ ಪಾತ್ರೆಯನ್ನು ಜಗಲಿಯುದ್ದಕ್ಕೂ ತಳ್ಳಿಕೊಂಡು ಹೋಯಿತು.

ಸದ್ದಿಗೆ ಓಡಿಬಂದ ಕರೀಂ ಖಾಲಿ ಪಾತ್ರೆಯನ್ನು ನೋಡಿದರು. ಆಮೇಲೆ ಬಾಂಡ್ಲಿಯಿಂದ ಒಂದು ಹುರುಳಿಕಾಳು ಎತ್ತಿ ತಮ್ಮ ಬೊಚ್ಚುಬಾಯಿಗೆ ಹಾಕಿಕೊಂಡು ವಸಡಿನಲ್ಲಿ ಒತ್ತಿದರು. ಕಾಳು ಜಾರಿತೇ ಹೊರತು ಒಡೆಯಲಿಲ್ಲ.

ದೇವಿರಮ್ಮನ ದನಿ ಇಳಿಯಿತು. "ಇಷ್ಟ್ ದಿನ ಅದ್ರ ಸತ್ವಾನೆಲ್ಲ ನಾವ್ ಉಂಡ್ಕಂಡ್ ಕುಂತಿದ್ವಲ್ಲ, ಕರೀಮಣ್ಣ."

ಬಿಬಿ ಜಾನ್ ಬಾಂಡ್ಲಿಯ ಕಾಳನ್ನು ಒರಳಿಗೆ ಸುರಿದು ನುಣ್ಣಗೆ ಅರೆದಳು. ತಮ್ಮ ಸಾರಿಗೆಂದು ಎತ್ತಿಟ್ಟಿದ್ದ ಕಟ್ಟನ್ನೂ ತಂದು ಅದಕ್ಕೆ ಸುರಿದು, ಗಂಜಿಯಂತೆ ಕಲಸಿ ಕುದುರೆಯ ಮುಂದಿಟ್ಟಳು. ನವಾಬ ತಲೆ ತಗ್ಗಿಸಿದ್ದು ಎತ್ತಲಿಲ್ಲ.

ಕರೀಂ ಅದರ ಪಕ್ಕೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಕಣ್ಣಲ್ಲಿ ನೀರು ಬಂದಿತ್ತು.

"ಮುನಿಸು ಅನ್ಕಂಡು ರಮಿಸ್ತಾ ಕೂತಿದ್ದೆ ಕಣಮ್ಮ" ಎಂದರು. "ಅದು ಹಸ್ಕಂಡಿತ್ತು."