ಬಿಳಿ ಲಂಗದ ಮುಚ್ಚಳಿಕೆ

ಪಟಿಕದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ, ತಗುಲಿದರೂ ಕರಕಲಾಗಿ ಅಲ್ಲೇ ನಿಂತುಬಿಡುತ್ತದೆ. ಪ್ಯಾರಿಸ್ಸಿನ ಆ ರಂಗಮಂದಿರದ ಮೂರನೆಯ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಯಾಲೆ ಹುಡುಗಿಯರ ಲಂಗ ಹೊಲಿಯುತ್ತಿದ್ದ ಒನೊರಿನ್‌ಗೆ ಇದು ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಅದ್ದಿದ ಬಟ್ಟೆ ಹಳೆಯ ಹಲ್ಲಿನಂತೆ ಹಳದಿಗಟ್ಟುತ್ತಿತ್ತು. ಕುಣಿಯುವಾಗ ಮೇಲೇಳದೆ ಕಾಲಿಗೆ ಜೋತುಬೀಳುತ್ತಿತ್ತು. ಸರ್ಕಾರ ಎಷ್ಟು ಹುಕುಂ ಹೊರಡಿಸಿದರೂ ಹುಡುಗಿಯರು ಅದನ್ನು ಮುಟ್ಟಲು ಒಪ್ಪಲಿಲ್ಲ. ಕೊನೆಗೆ ಮ್ಯಾನೇಜರು ತನ್ನ ತಲೆಯ ಮೇಲೆ ಬಾರದ ಹಾಗೆ ಒಂದು ದಾರಿ ಹುಡುಕಿಕೊಂಡ. ಬೇಡ ಎನ್ನುವವರು ಮುಚ್ಚಳಿಕೆ ಬರೆದುಕೊಡಬೇಕು: ನಾನು ಮಾಮೂಲಿ ಲಂಗದಲ್ಲೇ ಕುಣಿಯುತ್ತೇನೆ, ಏನಾದರೂ ಆದರೆ ನಾನೇ ಹೊಣೆ. ಇಪ್ಪತ್ತೊಂದು ತುಂಬದ ಹುಡುಗಿಯಾದರೆ ಕೆಳಗೆ ತಾಯಿಯ ಸಹಿ.

ಒನೊರಿನ್‌ನ ಮಗಳು ಜೆಲೀಗೆ ಹದಿನೇಳು. ಹಿಂದಿನ ಸಾಲಿನಲ್ಲಿ ಎಂಟು ವರ್ಷ ಕುಣಿದು ಕಾಲಿನ ಉಗುರುಗಳನ್ನೆಲ್ಲ ಕಳೆದುಕೊಂಡ ಮೇಲೆ ಆ ಚಳಿಗಾಲದಲ್ಲಿ ಅವಳಿಗೆ ಮೊದಲ ಸಲ ಒಬ್ಬಳೇ ಕುಣಿಯುವ ಪಾತ್ರ ಸಿಕ್ಕಿತ್ತು. ಹಿಮದ ಹುಡುಗಿಯ ಪಾತ್ರ.

"ಸಹಿ ಹಾಕಮ್ಮ," ಎಂದು ಕಾಗದ ಹಿಡಿದು ನಿಂತಳು.

"ಹಾಕಲ್ಲ ಹೋಗೆ. ಹಳದಿ ಲಂಗ ಉಟ್ರೆ ಏನು ಕಾಲು ಮುರಿದು ಬೀಳುತ್ತಾ?"

"ಹಿಮ ಎಲ್ಲಾದ್ರೂ ಹಳದಿ ಇರುತ್ತಾ? ನಾಯಿ ಉಚ್ಚೆ ಹೊಯ್ದ ಜಾಗದಲ್ಲಿ ಮಾತ್ರ!"

"ಬಾಯಿ ನೋಡು ಇವಳದ್ದು! ಸುಟ್ಕೊಂಡ್ರೆ ಏನೇ ಗತಿ?"

"ದಿನಾ ಎಷ್ಟು ಜನ ಕುಣೀತಾರೆ, ಎಲ್ಲರೂ ಸುಟ್ಕೋತಾರಾ? ನಾನು ಬೇಡ ಅಂದ್ರೆ ಈ ಪಾತ್ರಕ್ಕೆ ಹತ್ತು ಜನ ಕಾದು ಕೂತಿದ್ದಾರಮ್ಮ. ಎಂಟು ವರ್ಷ ಕಾದಿದ್ದೀನಿ ನಾನು."

ಒನೊರಿನ್‌ಗೆ ಈ ಬಿಳಿ ಲಂಗದ ಮೇಲೇ ಸಿಟ್ಟು. ಅವಳು ಚಿಕ್ಕವಳಿದ್ದಾಗ ಅದು ಮೀನಖಂಡದವರೆಗೆ ಇಳಿಯುತ್ತಿತ್ತು. ಕಾಲಿನ ಕೆಲಸ ಕಾಣಲಿ ಎಂದು ವರ್ಷ ವರ್ಷಕ್ಕೂ ಮೇಲೇರುತ್ತ ಈಗ ಮಂಡಿಯ ಹತ್ತಿರ ಬಂದಿತ್ತು. ಗಿಡ್ಡವಾದಷ್ಟೂ ಪದರ ಹೆಚ್ಚು, ಪದರ ಹೆಚ್ಚಿದಷ್ಟೂ ನಡುವೆ ಗಾಳಿ ಹೆಚ್ಚು, ಬೆಂಕಿಗೆ ಬೇಕಾದದ್ದೂ ಅದೇ. ಈ ಹುಚ್ಚು ರಂಗದ ಮೇಲಷ್ಟೇ ನಿಂತಿದ್ದರೂ ಆಗುತ್ತಿತ್ತು. ರಾತ್ರಿ ಬ್ಯಾಲೆ ನೋಡಿ ಹೋದ ಸಿರಿವಂತ ಹೆಂಗಸರು ಬೆಳಗಾದರೆ ದರ್ಜಿಯ ಅಂಗಡಿಯಲ್ಲಿ ಹಾಜರು, ತಮಗೂ ಅಂಥದ್ದೇ ಜಾಳು ಬಟ್ಟೆಯ ಬಿಳಿ ಉಡುಪು ಬೇಕೆಂದು. ಮದುಮಗಳಿಗೂ ಅದೇ, ಪಾರ್ಟಿಗೂ ಅದೇ. ದೇಶದ ಹೆಂಗಸರೆಲ್ಲ ಮೋಡ ಉಟ್ಟುಕೊಂಡು ಮೇಣದಬತ್ತಿಗಳ ನಡುವೆ ಓಡಾಡುತ್ತಿದ್ದರು.

ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಜೆಲೀ ಸೂಪು ಮುಟ್ಟದೆ ಮಲಗುತ್ತಿದ್ದಳು. ಐದನೆಯ ದಿನ ಒನೊರಿನ್ ಸಹಿ ಹಾಕಿದಳು. ತನ್ನ ಹೆಸರೊಂದನ್ನು ಬಿಟ್ಟು ಬೇರೇನೂ ಬರೆಯಲು ಬಾರದವಳು, ಆ ಹೆಸರನ್ನು ಮಾತ್ರ ಅಂದವಾಗಿ, ನಿಧಾನವಾಗಿ ಬರೆದಳು. ಸೋತು ಹಾಕಿದ ಸಹಿಯಲ್ಲ ಅದು. ಅವಳು ಆಗಲೇ ಒಂದು ಲೆಕ್ಕ ಹಾಕಿಕೊಂಡಿದ್ದಳು.

ಪ್ರದರ್ಶನಕ್ಕೆ ಮೂರು ದಿನವಿರುವಾಗ, ಉಳಿದವರು ಊಟಕ್ಕೆ ಹೋದ ಹೊತ್ತಿನಲ್ಲಿ, ಜೆಲೀಯ ಲಂಗವನ್ನು ಪಟಿಕದ ನೀರಿನಲ್ಲಿ ಅದ್ದಿದಳು. ಹಳದಿ ಕಾಣದಿರಲೆಂದು ಅಗಸಗಿತ್ತಿಯರ ಹಾಗೆ ಒಂದಿಷ್ಟು ನೀಲಿ ಬೆರೆಸಿದಳು. ಒಣಗಿದ ಮೇಲೆ ಪದರಪದರವಾಗಿ ಕೈಯಲ್ಲೇ ತೀಡಿ ನಿಲ್ಲಿಸಿದಳು. ಬಣ್ಣ ಹಿಮದಂತೆಯೇ ಬಂತು. ಸ್ವಲ್ಪ ಬಿರುಸಾಗಿತ್ತು, ಆದರೆ ಗಂಜಿ ಹೆಚ್ಚಾಗಿದೆ ಎಂದುಕೊಳ್ಳುತ್ತಾಳೆ ಬಿಡು ಎಂದು ಸಮಾಧಾನ ಮಾಡಿಕೊಂಡಳು. ಆ ರಾತ್ರಿ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಜೆಲೀ ಕುಣಿಯುವ ದಿನಗಳಲ್ಲೆಲ್ಲ ಒನೊರಿನ್ ರಂಗದ ಪಕ್ಕದ ಪರದೆಯ ಮರೆಯಲ್ಲಿ ಒದ್ದೆ ಕಂಬಳಿ ಹಿಡಿದು ನಿಲ್ಲುತ್ತಿದ್ದಳು. ಮಂದಿರದ ಅಗ್ನಿಶಾಮಕದವರು ಇದ್ದರೂ ಅವಳಿಗೆ ನಂಬಿಕೆಯಿಲ್ಲ. ಎಲ್ಲರೂ "ಕಂಬಳಿ ಅಜ್ಜಿ" ಎಂದು ಗೇಲಿ ಮಾಡುತ್ತಿದ್ದರು.

"ಈ ಸಲ ಕಂಬಳಿ ಬೇಡಮ್ಮ," ಎಂದಳು ಜೆಲೀ ಪ್ರದರ್ಶನದ ಸಂಜೆ. "ಮೇಲೆ ಹೋಗಿ ಎದುರಿಗೆ ಕೂತ್ಕೊಂಡು ನೋಡು. ಒಂದು ಸಲನಾದ್ರೂ ನನ್ನ ಮುಖ ನೋಡು, ಬರೀ ಬೆನ್ನೇ ನೋಡಿದ್ದೀಯ."

ಒನೊರಿನ್ ಒಪ್ಪಿದಳು. ಲಂಗ ಅದ್ದಿದೆಯಲ್ಲ, ಇನ್ನೇನು ಭಯ? ತಲೆಗೂದಲು ಬಾಚಿಕೊಂಡು, ಮೇಲಿನ ಅಗ್ಗದ ಬೆಂಚಿನಲ್ಲಿ ಮೊದಲ ಬಾರಿಗೆ ಪ್ರೇಕ್ಷಕಳಾಗಿ ಕುಳಿತಳು. ಜೆಲೀ ರಂಗಕ್ಕೆ ಬಂದಾಗ ಆ ಲಂಗ ಮೇಲೆದ್ದು ಹರಡಿದ ರೀತಿ ನೋಡಿ ಅವಳಿಗೆ ಹೆಮ್ಮೆಯಾಯಿತು. ಅದ್ದಿದ ಬಟ್ಟೆ ಹಾಗೆ ಏಳುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷದ ಕೈಗೆ ಗೊತ್ತಾಗಬೇಕಿತ್ತು. ಆದರೆ ಅವಳ ಕಣ್ಣು ಲಂಗದ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಮುಖ ನೋಡುತ್ತಿದ್ದಳು.

ಎರಡನೆಯ ಸಲ ರಂಗಕ್ಕೆ ಬರುವ ಮುನ್ನ ಜೆಲೀ ಪರದೆಯ ಮರೆಯಲ್ಲಿ ನಿಂತು, ಆ ಹುಡುಗಿಯರೆಲ್ಲ ಮಾಡುವ ಹಾಗೆ ಎರಡೂ ಕೈಯಿಂದ ಪದರಗಳನ್ನು ಎತ್ತಿ ಕೊಡವಿದಳು. ಪಕ್ಕದಲ್ಲೇ ಗ್ಯಾಸಿನ ದೀಪಗಳ ಸಾಲು ಉರಿಯುತ್ತಿತ್ತು. ಬೆಂಕಿ ಹತ್ತಿದ ಲಂಗದಲ್ಲೇ ಅವಳು ರಂಗಕ್ಕೆ ಓಡಿಬಂದಳು. ಜನ ಮೊದಲು ಚಪ್ಪಾಳೆ ತಟ್ಟಿದರು, ಬೆಳಕಿನ ಚಮತ್ಕಾರವೆಂದುಕೊಂಡು. ಒನೊರಿನ್ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಯಾರದೋ ಕಂಬಳಿ ಮಗಳ ಮೇಲೆ ಬಿದ್ದಿತ್ತು.

ಜೆಲೀ ಮೂರು ದಿನ ಜೀವ ಹಿಡಿದಿದ್ದಳು. ಎರಡನೆಯ ದಿನ ಸ್ವಲ್ಪ ಮಾತಾಡಿದಳು.

"ಅಮ್ಮ, ಬೈಬೇಡ."

"ಯಾಕೆ ಬೈಲಿ ಕಂದ?"

"ನೀನು ಹಾಕಿದ ಗಂಜಿ ಸರಿಯಾಗಿರ್ಲಿಲ್ಲ. ಬಟ್ಟೆ ಭಾರ ಆಗಿತ್ತು. ನಿನ್ನ ಕೈ ಮೊದಲಿನ ಹಾಗಿಲ್ಲ ಅಂತ ಹೇಳಿದ್ರೆ ನೊಂದ್ಕೋತೀಯ ಅಂತ... ನಾನೇ ಒಗೆದು ಬೇರೆ ಗಂಜಿ ಹಾಕ್ದೆ."

ಒನೊರಿನ್ ಅವಳ ಹಣೆಯ ಮೇಲೆ ಕೈಯಿಟ್ಟಳು. ಮುಟ್ಟಲು ಉಳಿದಿದ್ದ ಜಾಗ ಅದೊಂದೇ. "ಹೌದು ಮಗ. ವಯಸ್ಸಾಯ್ತಲ್ಲ, ಗಂಜಿ ಕೆಟ್ಟಿತ್ತು," ಎಂದಳು. ಆ ಒಗೆತದಲ್ಲಿ ಕೊಚ್ಚಿಹೋದ ಪಟಿಕದ ಮಾತು ಎತ್ತಲಿಲ್ಲ. ಆ ಲಂಗವನ್ನು ಅದ್ದಿದ್ದೆನೆಂದು ಅವಳು ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ.

ಮಣ್ಣು ಮಾಡಿ ಬಂದ ವಾರಕ್ಕೆ ಮ್ಯಾನೇಜರು ಕರೆಸಿ ಮುಚ್ಚಳಿಕೆ ತೋರಿಸಿದ. "ನೋಡಮ್ಮ, ನಮ್ಮದೇನೂ ತಪ್ಪಿಲ್ಲ. ಇದು ನಿನ್ನದೇ ಸಹಿ ತಾನೆ?"

"ನನ್ನದೇ ಸ್ವಾಮಿ," ಎಂದು ಹೇಳಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮೊಂಮಾರ್ತ್ರ್ ಗುಡ್ಡದ ತನ್ನ ಕೋಣೆಯಲ್ಲೇ ಹೊಲಿಗೆ ಹಿಡಿದಳು. ವರ್ಷ ತುಂಬುವ ಹೊತ್ತಿಗೆ, ಒಂದು ಮೋಡ ಕವಿದ ಮಧ್ಯಾಹ್ನ, ಸಿರಿವಂತ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಹದಿನೇಳಿರಬಹುದು. ಶನಿವಾರ ಅವಳ ಮೊದಲ ನೃತ್ಯಕೂಟ.

"ಹಿಮದ ಹುಡುಗಿ ಅಂತ ಒಬ್ಬಳು ಸುಟ್ಟುಹೋದಳಲ್ಲ, ಪೇಪರಿನಲ್ಲಿ ಚಿತ್ರ ಬಂದಿತ್ತು. ಅಂಥದ್ದೇ ಬೇಕು. ಉದ್ದ ಮಾತ್ರ ನೆಲದವರೆಗೆ ಇರಲಿ."

"ಪಟಿಕದಲ್ಲಿ ಅದ್ದಿ ಕೊಡ್ಲಾ ಅಮ್ಮಾವ್ರೇ?" ಎಂದಳು ಒನೊರಿನ್.

"ಅಯ್ಯೋ, ಹಳದಿಯಾಗುತ್ತಂತಲ್ಲ! ಬೇಡವೇ ಬೇಡ."

"ಹಾಗಾದ್ರೆ ಒಂದು ಕಾಗದ ಬರೆದುಕೊಡಿ. ನನಗೆ ಬರೆಯೋಕೆ ಬರಲ್ಲ, ನಾನು ಹೇಳ್ತೀನಿ, ನೀವು ಬರೀರಿ."

ಹೆಂಗಸು ನಕ್ಕು, ಕೈಚೀಲದಿಂದ ಪೆನ್ಸಿಲು ತೆಗೆದಳು. ಒನೊರಿನ್ ಬಾಯಿಪಾಠವಾಗಿದ್ದ ಮುಚ್ಚಳಿಕೆಯನ್ನು ಒಂದೊಂದೇ ಮಾತಾಗಿ ಹೇಳಿದಳು. ಏನಾದರೂ ಆದರೆ ನಾನೇ ಹೊಣೆ ಎಂಬಲ್ಲಿ ಹೆಂಗಸಿನ ಕೈ ನಿಲ್ಲುತ್ತದೆಂದು ಕಾದಳು, ಮನಸ್ಸಿನಲ್ಲೇ ಬೇಡಿಕೊಂಡಳು. ಕೈ ನಿಲ್ಲಲಿಲ್ಲ. ಕೆಳಗೆ ದುಂಡಗೆ ಸಹಿಯೂ ಬಿತ್ತು.

ಅಷ್ಟರಲ್ಲಿ ಹುಡುಗಿ ಮೇಜಿನ ಮೇಲಿದ್ದ ಜಾಳು ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಎರಡೂ ಕೈಯಿಂದ ಎತ್ತಿ ಕೊಡವುತ್ತಿದ್ದಳು. ಒನೊರಿನ್ ಧಡಕ್ಕನೆ ಎದ್ದು ಮೇಜಿನ ತುದಿಯಲ್ಲಿ ಉರಿಯುತ್ತಿದ್ದ ದೀಪ ಆರಿಸಿದಳು.

"ಇದೇನು, ಕತ್ತಲು ಮಾಡ್ಬಿಟ್ಟೆ? ಅಳತೆ ಹೇಗೆ ತಗೋತೀಯ?" ಎಂದು ಹೆಂಗಸು ಗದರಿದಳು.

"ಕೈಯಲ್ಲೇ ತಗೋತೀನಿ ಅಮ್ಮಾವ್ರೇ," ಎಂದು ಒನೊರಿನ್ ಮಂಡಿಯೂರಿ ಹುಡುಗಿಯ ಸೊಂಟವನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದಳು. ಜೆಲೀಯ ಅಳತೆಯೇ ಇತ್ತು. ಕೈ ಬಿಡಲು ಅವಳಿಗೆ ತುಂಬ ಹೊತ್ತು ಹಿಡಿಯಿತು.