ಚಾದರ ಹಿಡಿದವಳ ಮುಖ

ಮಹಡಿಯ ಕಿಟಕಿಯಿಂದ ಮಗು ಜಾರಿ ನೇತಾಡುತ್ತಿದೆ ಎಂದು ಬೀದಿಯಲ್ಲಿ ಕೂಗೆದ್ದಾಗ ಇಸ್ತ್ರಿಯಕ್ಕ ಯಾರದೋ ಅಂಗಿಯ ಕಾಲರ್ ಒತ್ತುತ್ತಿದ್ದಳು. ಪೆಟ್ಟಿಗೆ ಪಕ್ಕಕ್ಕಿಟ್ಟು, ಮಡಿಸಿಟ್ಟಿದ್ದ ದಪ್ಪ ಚಾದರವೊಂದನ್ನು ಎಳೆದುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದಳು.

"ಹಿಡೀರಿ! ಎಲ್ಲರೂ ಒಂದೊಂದು ಮೂಲೆ ಹಿಡೀರಿ!"

ಒಂದು ಮೂಲೆ ಅವಳೇ ಹಿಡಿದಳು, ಒಂದು ಅವಳ ಗಂಡನ ಕೈಗೆ ಹೋಯಿತು, ಇನ್ನೊಂದು ಅಂಚೆಯಣ್ಣನ ಕೈಗೆ. ಕೊನೆಯ ಮೂಲೆ ಹಿಡಿದವಳು ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದ ಹೊಲಿಗೆಯವಳು. ಯಾರೊಡನೆಯೂ ಹೆಚ್ಚು ಬೆರೆಯದೆ ತಲೆ ತಗ್ಗಿಸಿಯೇ ಓಡಾಡುತ್ತಿದ್ದ ಹೆಂಗಸು, ಆಗ ಮಾತ್ರ ಮುಖವೆತ್ತಿ ಮಗುವನ್ನೇ ನೋಡುತ್ತ ನಿಂತಳು.

ಮಗು ಕೈಬಿಟ್ಟಿತು. ಚಾದರದ ನಟ್ಟನಡುವೆ ಧೊಪ್ಪನೆ ಬಿತ್ತು. ಆಮೇಲೆ ಗಂಟಲು ಹರಿಯುವಂತೆ ಅತ್ತಿತು ನೋಡಿ, ಅಷ್ಟು ಸಿಹಿಯಾದ ಅಳುವನ್ನು ಅಲ್ಲಿ ಯಾರೂ ಕೇಳಿರಲಿಲ್ಲ!

ಎದುರಿನ ಸೈಕಲ್ ಅಂಗಡಿಯವನು ಇಸ್ತ್ರಿಯಕ್ಕನ ಮೈದುನ. ಮಾರಾಟಕ್ಕಿಟ್ಟ ಸೈಕಲ್ಲಿನ ವಿಡಿಯೊ ತೆಗೆಯುತ್ತಿದ್ದವನು ಕೂಗು ಕೇಳಿ ಫೋನನ್ನು ಹಾಗೇ ಅತ್ತ ತಿರುಗಿಸಿಬಿಟ್ಟಿದ್ದ. ಎಲ್ಲವೂ ಅದರಲ್ಲಿ ಸೆರೆಯಾಗಿತ್ತು.

"ಅತ್ತಿಗೇ, ನಿಮ್ಮ ಓಟ ನೋಡಿ! ಈಗಲೇ ಹಾಕ್ತೀನಿ. ಊರಿಗೆ ಊರೇ ನಿಮ್ಮ ಮಾತಾಡ್ಬೇಕು!"

ಇಸ್ತ್ರಿಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಹಾಕಪ್ಪ, ಹಾಕು! ನಮ್ಮಮ್ಮನೂ ನೋಡ್ಲಿ."

ಅಷ್ಟರಲ್ಲಿ ಬಾಗಿಲ ಬಳಿ ಹೊಲಿಗೆಯವಳ ದನಿ. "ಅಕ್ಕಾ, ಅದ್ರಲ್ಲಿ ನಾನೂ ಕಾಣ್ತೀನಾ?"

"ಕಾಣದೆ ಏನು? ಎಷ್ಟು ಚೆನ್ನಾಗಿ ಬಂದಿದ್ದೀಯ!"

ಅವಳ ಮುಖ ಬಿಳಿಚಿಕೊಂಡಿತು. "ನನ್ನ ಗಂಡ ನನ್ನ ಹುಡುಕ್ತಿದ್ದಾನೆ ಅಕ್ಕ. ಸಿಕ್ಕಿದ್ರೆ ಸಾಯಿಸ್ತೀನಿ ಅಂದಿದ್ದಾನೆ. ನಾನು ಯಾವ ಊರಲ್ಲಿದ್ದೀನಿ ಅಂತ ಅವನಿಗೆ ಗೊತ್ತಿಲ್ಲ."

ಮೈದುನ ತಲೆ ಕೆರೆದುಕೊಂಡ. "ಅಷ್ಟು ದೊಡ್ಡ ಪ್ರಪಂಚದಲ್ಲಿ ಅವನೇ ನೋಡ್ಬೇಕಾ?"

"ಅವನೇ ಯಾಕೋ ನೋಡ್ಬೇಕು? ಅವನ ಕಡೆಯವರು ಒಬ್ಬರು ನೋಡಿದ್ರೆ ಸಾಲ್ದಾ?" ಎಂದಳು ಇಸ್ತ್ರಿಯಕ್ಕ. "ಒಳ್ಳೇ ಕೆಲ್ಸಕ್ಕೆ ಕೈಹಾಕಿದ ತಪ್ಪಿಗೆ ಇವಳ ಪ್ರಾಣಕ್ಕೆ ಕುತ್ತು ತರೋದಾ?"

ಅವನು ಫೋನಿನಲ್ಲೇ ಆ ಮುಖದ ಮೇಲೊಂದು ಹೂವಿನ ಚಿತ್ರ ಅಂಟಿಸಿದ. ವಿಡಿಯೊ ಓಡಿತು, ಹೊಲಿಗೆಯವಳೂ ಓಡಿದಳು. ಹೂವು ಮಾತ್ರ ನಿಂತಲ್ಲೇ ನಿಂತಿತ್ತು!

ಮೂವರೂ ನೇರ ಸ್ಟುಡಿಯೊಗೆ ನಡೆದರು. ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುವ ಸ್ಟುಡಿಯೊ ಅಕ್ಕ ಇಸ್ತ್ರಿಯಕ್ಕನ ಗೆಳತಿ. ಕಂಪ್ಯೂಟರಿನಲ್ಲಿ ಹೊಲಿಗೆಯವಳ ಮುಖದ ಸುತ್ತ ಒಂದು ಉಂಗುರ ಎಳೆದು, ಅದರೊಳಗಷ್ಟೇ ಬ್ಲರ್ ಮಾಡಿದಳು.

"ಈಗ ಈ ಮಸುಕು ಮುಖದ ಹಿಂದೇನೇ ಹೋಗತ್ತೆ, ಮಗು ಅಮ್ಮನ ಬೆನ್ನು ಹತ್ತಿದ ಹಾಗೆ."

ಹೋಯಿತು! ಓಡಿದಳು, ಓಡಿತು, ತಿರುಗಿದಳು, ತಿರುಗಿತು. ಇಸ್ತ್ರಿಯಕ್ಕ ಚಪ್ಪಾಳೆ ತಟ್ಟಿದಳು. ಆದರೆ ವಿಡಿಯೊದಲ್ಲಿ ಅಂಚೆಯಣ್ಣ ಅಡ್ಡ ಬಂದದ್ದೇ ತಡ, ಉಂಗುರ ಅವನ ಟೋಪಿಗೆ ಹಾರಿಕೊಂಡಿತು.

"ನೋಡಿದ್ರಾ, ಕಂಪ್ಯೂಟರೂ ಮೋಸ ಹೋಗತ್ತೆ," ಎಂದು ಸ್ಟುಡಿಯೊ ಅಕ್ಕ ಅದನ್ನು ಮತ್ತೆ ಮುಖಕ್ಕೆ ತಂದು ಕೂರಿಸಿದಳು. "ಅದಕ್ಕೇ ಕೊನೇವರೆಗೂ ನಿಧಾನಕ್ಕೆ ಓಡಿಸಿ ನೋಡ್ಬೇಕು. ಮಸುಕೂ ದಪ್ಪಗಿರ್ಬೇಕು. ತೆಳ್ಳಗಿದ್ರೆ ಗುರುತಿನವರು ಕಂಡುಹಿಡೀತಾರೆ."

"ಮುಖ ಹೋಯ್ತಲ್ಲ, ಕಳಿಸ್ಲಾ?" ಎಂದ ಮೈದುನ.

"ಅವಸರ ಬೇಡ. ಅಂಗಡಿ ಬೋರ್ಡಲ್ಲಿ ವಿಳಾಸ, ಫೋನ್ ನಂಬರು ಎರಡೂ ಇವೆ." ಅದೂ ಮಸುಕಾಯಿತು.

ಇಸ್ತ್ರಿಯಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ತಡಿ ತಡಿ! ಅಂಗಡಿ ಗಾಜಲ್ಲಿ ನೋಡು, ಅವಳ ಮುಖ!"

ನಿಜವೇ. ಗಾಜಿನಲ್ಲಿ ಹೊಲಿಗೆಯವಳ ಪ್ರತಿಬಿಂಬ ಅಚ್ಚೊತ್ತಿದಂತೆ ಮೂಡಿತ್ತು. ಅದಕ್ಕೂ ಒಂದು ಉಂಗುರ ಬಿತ್ತು.

"ಈಗ ಎಲ್ಲರೂ ಕಣ್ಣು ಮುಚ್ಚಿ, ಬರೀ ಕೇಳಿ," ಎಂದಳು ಸ್ಟುಡಿಯೊ ಅಕ್ಕ.

ಗದ್ದಲದ ನಡುವೆ ಹೊಲಿಗೆಯವಳ ಹೆಸರು ಹಿಡಿದು ಯಾರೋ ಕೂಗುತ್ತಿದ್ದರು. ಇಸ್ತ್ರಿಯಕ್ಕ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಕೂಗಿದ್ದು ನಾನೇ!"

ಆ ಸದ್ದನ್ನು ಅಳಿಸಿದರು. ಮಗುವಿನ ತಾಯಿಗೂ ಫೋನ್ ಮಾಡಿ ಕೇಳಿದರು. ಮಗುವಿನ ಮುಖವೂ ಬೇಡ ಎಂದಳು ಆಕೆ. ಅಂಚೆಯಣ್ಣನೂ ಇಸ್ತ್ರಿಯಕ್ಕನ ಗಂಡನೂ ಫೋನಿನಲ್ಲೇ ನಮ್ಮದಿರಲಿ ಎಂದರು.

"ನಿಂದು ಏನು ಮಾಡ್ಲೇ?" ಗೆಳತಿ ಇಸ್ತ್ರಿಯಕ್ಕನನ್ನು ಕೇಳಿದಳು.

"ನಂದು ಇರ್ಲಿ ಮಾರಾಯ್ತಿ! ಕೂದಲು ಕೆದರಿದೆ ನೋಡು, ಅದನ್ನ ಬಾಚೋಕೆ ಬಟನ್ ಇದ್ಯಾ?"

ಎಲ್ಲರೂ ನಕ್ಕರು. ಹೊಲಿಗೆಯವಳು ಕೊನೆಯವರೆಗೆ ನೋಡಿ, "ಈಗ ಹಾಕಿ" ಎಂದ ಮೇಲೆಯೇ ಮೈದುನ ವಿಡಿಯೊ ಹಾಕಿದ್ದು.

ಹಾಕಿದ್ದೇ ತಡ, ಫೋನಿಗೆ ಪುರುಸೊತ್ತಿಲ್ಲ! ಹೊಗಳಿಕೆಯ ಮೇಲೆ ಹೊಗಳಿಕೆ. ಸುದ್ದಿವಾಹಿನಿಯವನೊಬ್ಬ ಕರೆ ಮಾಡಿ, ಬ್ಲರ್ ಇಲ್ಲದ ಮೂಲ ವಿಡಿಯೊ ಕೊಡಿ, ನಿಮ್ಮ ಹೆಸರೂ ಹಾಕುತ್ತೇವೆ ಎಂದ. ಹೊಲಿಗೆಯವಳು ಮೈದುನನನ್ನೇ ನೋಡಿದಳು.

"ಅದು ಯಾರಿಗೂ ಇಲ್ಲ ಸ್ವಾಮಿ," ಎಂದ ಮೈದುನ. "ಮಗು ಬದುಕಿದ್ದು ಕಾಣತ್ತಲ್ಲ, ಅಷ್ಟು ಸಾಕು." ಫೋನಿಟ್ಟವನೇ ಅವಳೆದುರೇ ಆ ಮೂಲ ವಿಡಿಯೊವನ್ನು ಅಳಿಸಿದ.

ಅಪರಿಚಿತರೊಬ್ಬರು ಬರೆದಿದ್ದನ್ನು ಇಸ್ತ್ರಿಯಕ್ಕ ಗಟ್ಟಿಯಾಗಿ ಓದಿದಳು: "ಮುಖ ಕಾಣದ ಆ ತಂಗಿ ಯಾರೋ ಏನೋ, ಎಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆ! ಅವಳ ಕೈಗಳಿಗೆ ನನ್ನ ನಮಸ್ಕಾರ." ಹೊಲಿಗೆಯವಳು ತನ್ನ ಅಂಗೈಗಳನ್ನು ನೋಡಿಕೊಂಡು ನಕ್ಕಳು. ಅವಳು ಬಾಯಿತುಂಬ ನಕ್ಕಿದ್ದನ್ನು ಇಸ್ತ್ರಿಯಕ್ಕ ಅಂದೇ ಮೊದಲು ಕಂಡಿದ್ದು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಫೋನಿನಲ್ಲೂ ಇಂಥದ್ದೊಂದು ವಿಡಿಯೊ ಇರಬಹುದು. ಖಂಡಿತ ಹಂಚಿಕೊಳ್ಳಿ, ಆದರೆ ಅದರಲ್ಲಿರುವವರನ್ನು ಮೊದಲು ಕೇಳಿ. ಬೇಡ ಎಂದವರ ಮುಖ ಮಸುಕು ಮಾಡಿ. ಬೋರ್ಡು, ಗಾಜು, ಕೂಗಿದ ಹೆಸರು ಯಾವುದನ್ನೂ ಮರೆಯಬೇಡಿ. ಮಾಡಲು ಬಾರದಿದ್ದರೆ ಬಲ್ಲವರ ಬಳಿ ಹೋಗಿ. ಅದೂ ಆಗದಿದ್ದರೆ ಕಳಿಸಬೇಡಿ. ಒಮ್ಮೆ ಕೈಬಿಟ್ಟ ವಿಡಿಯೊವನ್ನು ಹಿಡಿಯಲು ಯಾವ ಚಾದರವೂ ಇಲ್ಲ.